ಉಪಾದಾನ: ಉರುವಲು ಮತ್ತು ಅಂಟು


*ಇಂದಿನ ಚಿಂತನೆ*

ಪಾಲಿ ಭಾಷೆಯ 'ಉಪಾದಾನ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ಬೆಂಕಿಗೆ ಬೇಕಾದ ಉರುವಲು. ಇನ್ನೊಂದು, ಮನಸ್ಸು ಬಿಡದೆ ಹಿಡಿದುಕೊಳ್ಳುವ ಅಂಟು. ಉರುವಲು ಇರುವ ತನಕ ಬೆಂಕಿ, ಅಂಟು ಇರುವ ತನಕ ದುಃಖ. ಇಂದು ನಮ್ಮ ನಾಡಿನ ಉರುವಲನ್ನೇ ಮುಂದಿಟ್ಟುಕೊಂಡು ಈ ಮಾತನ್ನು ವಿಚಾರ ಮಾಡೋಣ.

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮುಂದೆ ಶರಾವತಿ, ಕಾಳಿ ನದಿಗಳ ಸರದಿ. ಬಹಳ ಕಾಲ ನಮ್ಮ ದೀಪ ಉರಿದದ್ದು ನೀರಿನಿಂದಲೇ. ಬೇಡಿಕೆ ಬೆಳೆಯಿತು, ನೀರು ಸಾಲದಾಯಿತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಉರಿ ಹತ್ತಿತು. ಆ ಕಲ್ಲಿದ್ದಲು ನಮ್ಮ ನೆಲದ್ದಲ್ಲ, ಬೇರೆ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಆಮೇಲೆ ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಬಂದವು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯಿತು.

ಹೊಸದು ಬಂತು, ಹಳೆಯದು ಹೋಗಲಿಲ್ಲ. ದೇಶದ ಲೆಕ್ಕವೂ ಹೀಗೇ ಇದೆ. 2025ರಲ್ಲಿ ಭಾರತದ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆ, ಅನಿಲ ಬಿಟ್ಟು ಬೇರೆ ಮೂಲಗಳದ್ದಾಯಿತು. ಆದರೆ ನಿಜವಾಗಿ ತಯಾರಾಗುವ ವಿದ್ಯುತ್ತಿನಲ್ಲಿ ಹತ್ತಕ್ಕೆ ಏಳು ಪಾಲಿನಷ್ಟು ಇನ್ನೂ ಕಲ್ಲಿದ್ದಲಿನದು. ರಾತ್ರಿ ಸೂರ್ಯನಿಲ್ಲ, ಗಾಳಿ ನಮ್ಮ ಮಾತು ಕೇಳುವುದಿಲ್ಲ ಎಂಬುದು ಒಂದು ಕಾರಣ. ನಮ್ಮ ಬೇಡಿಕೆ ನಿಲ್ಲದೆ ಏರುತ್ತಿರುವುದು ಇನ್ನೊಂದು. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು.

ಹಾಗಾದರೆ ದೀಪ ಆರಿಸಿ ಕತ್ತಲಲ್ಲಿ ಕೂರಬೇಕೆ? ಖಂಡಿತ ಬೇಡ. ದೇಹ ದಂಡಿಸುವ ದಾರಿಯನ್ನು ಬುದ್ಧರು ತಾವೇ ನಡೆದು ನೋಡಿ ಬಿಟ್ಟರು. ಓದುವ ಮಗುವಿಗೆ ದೀಪ ಬೇಕು, ರೈತನ ಪಂಪ್‌ಸೆಟ್ಟಿಗೆ ಕರೆಂಟು ಬೇಕು. ಇದು ಅಗತ್ಯ. 'ಇಷ್ಟು ಸಾಕು' ಎನ್ನುವುದನ್ನೇ ಅರಿಯದಿರುವುದು ತೃಷ್ಣೆ.

ಉರುವಲು ಶುದ್ಧವಾದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬಾರದು. ನೀರಿನ ವಿದ್ಯುತ್ತಿಗೆ ಹೊಗೆಯಿಲ್ಲ, ಆದರೆ ಶರಾವತಿ ಕಣಿವೆಯಲ್ಲಿ ಮನೆ, ಗದ್ದೆ ಮುಳುಗಿದವರ ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಪಾವಗಡದಲ್ಲಿ ಜಮೀನು ಕೊಟ್ಟ ರೈತರಿಗೆ ವರ್ಷವರ್ಷ ಬಾಡಿಗೆ ಬರುತ್ತದೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಧಾರವಾಡದಲ್ಲಿ ನಾವು ಸ್ವಿಚ್ ಒತ್ತುತ್ತೇವೆ, ಬೂದಿ ಶಕ್ತಿನಗರದಲ್ಲಿ ಬೀಳುತ್ತದೆ. ಕಾರಣದಿಂದ ಕಾರ್ಯ ಹುಟ್ಟುವ ಈ ಸರಪಳಿಯಲ್ಲಿ ನಮ್ಮ ಬೆರಳೂ ಒಂದು ಕೊಂಡಿ.

2023ರಲ್ಲಿ ಗೃಹಜ್ಯೋತಿ ಆರಂಭವಾದಾಗ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ವಿದ್ಯುತ್ತಿನ ಮಿತಿ ಹಾಕಿದರು. ಬಡ ಮನೆಗೆ ಇದು ದೊಡ್ಡ ಆಸರೆ. ಆದರೆ ಅದು ಸರ್ಕಾರ ಹಾಕಿಕೊಟ್ಟ ಮಿತಿ. ಬಿಲ್ಲು ಸೊನ್ನೆ ಬಂದರೂ ಬೂದಿ ಸೊನ್ನೆಯಾಗುವುದಿಲ್ಲವಲ್ಲ! ನಮಗೆ ನಾವೇ ಹಾಕಿಕೊಳ್ಳುವ ಮಿತಿಯನ್ನು ಸಮ್ಮಾ ಸತಿ, ಅಂದರೆ ಎಚ್ಚರ, ಮಾತ್ರ ಹೇಳಿಕೊಡಬಲ್ಲದು.

*ಇಂದಿನ ಅಭ್ಯಾಸ:* ಸ್ವಿಚ್ ಮೇಲೆ ಕೈಯಿಟ್ಟಾಗಲೆಲ್ಲ ಒಂದು ಉಸಿರು ನಿಲ್ಲಿ. ಇದು ಅಗತ್ಯವೋ, ಬರೀ ರೂಢಿಯೋ ಎಂದು ಕೇಳಿಕೊಳ್ಳಿ. ಅಗತ್ಯವಿದ್ದರೆ ಕೃತಜ್ಞತೆಯಿಂದ ಬಳಸಿ. ಸಂಜೆ ಮನೆಯವರೊಂದಿಗೆ ಕೂತು ಈ ಬಗ್ಗೆ ಮಾತಾಡಿ.

ಎಲ್ಲರಿಗೂ ಮಂಗಳವಾಗಲಿ 🪷