ಈ ತೆನೆ ಯಾರ ಹೊಲದ್ದು?

ಪರದೇಶದ ಹಬ್ಬವೊಂದು ನಮ್ಮ ಮನೆಯ ಊಟದ ಮೇಜಿಗೆ ಬಂದು ಕುಳಿತರೆ ಅದನ್ನು ಹೇಗೆ ಬರಮಾಡಿಕೊಳ್ಳಬೇಕು? ಈ ಪ್ರಶ್ನೆ ನನಗೆ ಬಂದದ್ದು ಯಾವ ಗ್ರಂಥದಿಂದಲೂ ಅಲ್ಲ, ಬೆಂಗಳೂರಿನ ದಕ್ಷಿಣದಲ್ಲಿರುವ ಸುಬ್ರಹ್ಮಣ್ಯಪುರದ ಒಂದು ಮನೆಯಿಂದ. ಮಂಗಳೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕಥೋಲಿಕ ಕುಟುಂಬವದು. ಉದ್ಯೋಗಕ್ಕೆಂದು ಅಮೆರಿಕಕ್ಕೆ ಹೋದ ಮಗ ಅಲ್ಲಿಯೇ ಮದುವೆಯಾಗಿ, ಕೆಲವು ವರ್ಷಗಳ ಬಳಿಕ ಹೆಂಡತಿ ಮಕ್ಕಳೊಡನೆ ಹೆತ್ತವರ ಬಳಿಗೆ ಮರಳಿದ. ಸೊಸೆ ಅಮೆರಿಕದವಳು. ಸೀರೆ ಉಡುವುದನ್ನು ಕಲಿತಿದ್ದಾಳೆ. ಅತ್ತೆಯನ್ನು ಕೊಂಕಣಿಯಲ್ಲಿ ‘ಮಾಂಯ್’ ಎಂದೇ ಕರೆಯುತ್ತಾಳೆ. ತರಕಾರಿ ಗಾಡಿಯವನೊಡನೆ ತನಗೆ ಬಂದಷ್ಟು ಕನ್ನಡದಲ್ಲಿ ಚೌಕಾಸಿಯನ್ನೂ ಮಾಡುತ್ತಾಳೆ. ಆದರೆ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬಂತೆಂದರೆ ಆಕೆಯ ಮುಖ ಬಾಡುತ್ತದೆ. ಅಂದು ಆಕೆಯ ನಾಡಿನಲ್ಲಿ ಕೃತಜ್ಞತಾ ದಿನ. ಎಲ್ಲೆಲ್ಲಿಗೋ ಚದುರಿದ ಮಕ್ಕಳು ತಂದೆತಾಯಿಯರ ಮನೆಗೆ ಬಂದು ಒಂದೇ ಪಂಕ್ತಿಯಲ್ಲಿ ಉಣ್ಣುವ ದಿನ. ಸುಬ್ರಹ್ಮಣ್ಯಪುರದಲ್ಲಿ ಅದು ಬರಿಯ ಗುರುವಾರ. ಮಕ್ಕಳಿಗೆ ಶಾಲೆ, ಗಂಡನಿಗೆ ಕಚೇರಿ, ರಸ್ತೆಯಲ್ಲಿ ಎಂದಿನಂತೆ ವಾಹನಗಳ ಸಾಲು.

ಸೊಸೆಯ ಮೌನವನ್ನು ಮೊದಲು ಗಮನಿಸಿದವರು ಮಾಂಯ್. ಒಂದು ವರ್ಷ ಅವರೇ ಮುಂದಾಗಿ, ಗುರುವಾರ ಆಗದಿದ್ದರೆ ಶನಿವಾರ ಸಂಜೆಯಾದರೂ ಹಬ್ಬ ಮಾಡೋಣವೆಂದರು. ಟರ್ಕಿ ಕೋಳಿ ಸಿಕ್ಕರೂ ಅದನ್ನು ಇಡಿಯಾಗಿ ಬೇಯಿಸುವ ಓವನ್ ನಮ್ಮ ಮನೆಗಳಲ್ಲಿ ಎಲ್ಲಿಂದ ಬರಬೇಕು? ನಾಟಿಕೋಳಿಗಳೇ ಸಾಕೆಂದಾಯಿತು. ಸಿಹಿಗುಂಬಳವನ್ನು ಬೆಲ್ಲದಲ್ಲಿ ಬೇಯಿಸಿ ಸೊಸೆ ಸಿಹಿ ಮಾಡಿದಳು. ಆಕೆಯೂರಿನ ಹುಳಿಹಣ್ಣಿನ ಗೊಜ್ಜಿಗೆ ಬದಲಾಗಿ ಅತ್ತೆ ಅಮಟೆಕಾಯಿ ಗೊಜ್ಜು ಮಾಡಿದರು. ನೆರೆಹೊರೆಯ ಕೆಲವರಿಗೆ ಕರೆ ಹೋಯಿತು. ದಿನವೂ ಗೇಟಿನ ಬಳಿ ಹೂ ಮಾರಲು ಬರುವ ಅಜ್ಜಿಯೊಬ್ಬರನ್ನೂ ಸೊಸೆ ಹಟ ಹಿಡಿದು ಕರೆದಿದ್ದಳು. ನಾನೂ ಇದ್ದೆ. ಊಟಕ್ಕೆ ಮುನ್ನ ಪ್ರತಿಯೊಬ್ಬರೂ ತಾವು ಯಾವುದಕ್ಕಾಗಿ ಕೃತಜ್ಞರೆಂದು ಒಂದು ಮಾತು ಹೇಳಬೇಕೆಂಬುದು ಆ ಹಬ್ಬದ ರೂಢಿಯಂತೆ. ನನ್ನ ಪಕ್ಕದಲ್ಲಿದ್ದ ಹಿರಿಯರು ಮೆಲ್ಲನೆ ಕಿವಿಯ ಬಳಿ, “ನಮ್ಮದೇ ತೆನೆ ಹಬ್ಬ ಇರುವಾಗ ಇವರ ಹಬ್ಬ ನಮಗೇಕೆ ಸ್ವಾಮಿ?” ಎಂದರು. ನಾನು ತಲೆಯಾಡಿಸಿ ನಕ್ಕೆ. ಹಾಗೆ ಸುಲಭವಾಗಿ ತಲೆಯಾಡಿಸಿದ್ದು ಸರಿಯೇ ಎಂಬುದನ್ನು ಇಂದು ನಿಮ್ಮ ಮುಂದೆ ಪರೀಕ್ಷಿಸಬೇಕೆಂದಿದ್ದೇನೆ.

ಆ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಪರದೇಶದ್ದೆಲ್ಲ ದೊಡ್ಡದೆಂಬ ಭ್ರಮೆ ನಮ್ಮನ್ನು ಬಿಟ್ಟಿಲ್ಲ. ಈ ಹಬ್ಬದ ಮರುದಿನ ಅಮೆರಿಕದ ಅಂಗಡಿಗಳು ನಡೆಸುವ ‘ಬ್ಲ್ಯಾಕ್ ಫ್ರೈಡೇ’ ರಿಯಾಯಿತಿ ಮಾರಾಟವಂತೂ ಹಬ್ಬಕ್ಕಿಂತ ಮೊದಲೇ ನಮ್ಮೂರನ್ನು ತಲುಪಿಬಿಟ್ಟಿದೆ. ಕೃತಜ್ಞತೆಯನ್ನು ಬಿಟ್ಟು ಕೊಳ್ಳುವಿಕೆಯನ್ನಷ್ಟೇ ಆಮದು ಮಾಡಿಕೊಂಡ ಜಾಣರು ನಾವು! ಆದರೂ ಒಂದು ಹಬ್ಬವನ್ನು ‘ನಮ್ಮದು’, ‘ಅವರದು’ ಎಂದು ವಿಂಗಡಿಸುವ ಮುನ್ನ ಅದರ ಬೇರನ್ನು ಕಾಣಬೇಕಲ್ಲವೇ?

1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಹೊರಟ ಸುಮಾರು 100 ಮಂದಿ ಅಮೆರಿಕದ ಪೂರ್ವ ತೀರದ ಪ್ಲಿಮತ್‌ನಲ್ಲಿ ನೆಲೆಯೂರಿದರು. ಕ್ರಿಸ್ಮಸ್ ಹಬ್ಬವನ್ನೂ ಒಪ್ಪದಿದ್ದ ಕಟ್ಟಾ ಪ್ರೊಟೆಸ್ಟಂಟರು ಅವರನ್ನು ಮುನ್ನಡೆಸುತ್ತಿದ್ದರು. ಮೊದಲ ಚಳಿಗಾಲದಲ್ಲಿಯೇ ಅರ್ಧದಷ್ಟು ಮಂದಿ ಮಣ್ಣಾದರು. ಉಳಿದವರು 1621ರಲ್ಲಿ ಬೆಳೆ ಕೈಸೇರಿದಾಗ ಮೂರು ದಿನ ಉಂಡು ನಲಿದರು. ಆ ನೆಲದ ಮೂಲನಿವಾಸಿಗಳಾದ ವಾಂಪನೋವಾಗ್ ಜನರ ಒಡೆಯ ಮಸಸೋಯಿಟ್ ತನ್ನ 90 ಮಂದಿಯೊಡನೆ ಬಂದು, ಐದು ಜಿಂಕೆಗಳನ್ನು ಬೇಟೆಯಾಡಿ ತಂದುಕೊಟ್ಟ. ಇಷ್ಟು ಕಥೆಯನ್ನು ಅಲ್ಲಿನ ಶಾಲೆಯ ಮಕ್ಕಳೆಲ್ಲ ಬಲ್ಲರು.

ಆದರೆ ಆ ಬೆಳೆ ಬಂದದ್ದು ಹೇಗೆ? ಹೊಸಬರಿಗೆ ಮುಸುಕಿನ ಜೋಳವನ್ನು ಬಿತ್ತಲು, ಮೀನನ್ನು ಗೊಬ್ಬರವಾಗಿ ಹೂಳಲು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿ. 1614ರಲ್ಲಿ ಇಂಗ್ಲಿಷ್ ನಾವಿಕನೊಬ್ಬ ಅವನನ್ನೂ ಇನ್ನೂ ಹಲವರನ್ನೂ ಮೋಸದಿಂದ ಹಿಡಿದು, ಸ್ಪೇನ್ ದೇಶದ ಮಾಲಗ ಪಟ್ಟಣದಲ್ಲಿ ಗುಲಾಮರನ್ನಾಗಿ ಮಾರಲು ಹೊರಟ. ಅಲ್ಲಿನ ಸನ್ಯಾಸಿ ಗುರುಗಳು ಬಂದಿಗಳಲ್ಲಿ ಕೆಲವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಟಿಸ್ಕ್ವಾಂಟಮ್ ಹೇಗೋ ಇಂಗ್ಲೆಂಡನ್ನು ಸೇರಿ, 1619ರಲ್ಲಿ ತನ್ನೂರಾದ ಪಟಕ್ಸೆಟ್‌ಗೆ ಮರಳಿದ. ಊರೇ ಇರಲಿಲ್ಲ. ಪರದೇಶದಿಂದ ಬಂದ ಸಾಂಕ್ರಾಮಿಕ ರೋಗ ಅವನ ಜನರನ್ನೆಲ್ಲ ಕೊಂಡೊಯ್ದಿತ್ತು. ಮರುವರ್ಷ ಬಂದ ಇಂಗ್ಲಿಷರು ಪ್ಲಿಮತ್ತನ್ನು ಕಟ್ಟಿದ್ದು ಆ ಬರಿದಾದ ಪಟಕ್ಸೆಟ್‌ನ ಮೇಲೆಯೇ. ಓದುಗರೇ, ಒಂದು ಕ್ಷಣ ಯೋಚಿಸಿ. ತನ್ನವರ ಸಮಾಧಿಯಾದ ನೆಲದಲ್ಲಿ ಅಪರಿಚಿತರಿಗೆ ಬಿತ್ತನೆ ಕಲಿಸುತ್ತಾ ನಿಂತ ಆ ಮನುಷ್ಯ ಅತಿಥಿಯೋ, ಆತಿಥೇಯನೋ?

ಮುಂದಿನದು ನೋವಿನ ಕಥೆ. ಅರ್ಧ ಶತಮಾನ ಕಳೆದು 1675ರಲ್ಲಿ ಮಸಸೋಯಿಟ್‌ನ ಮಗ ಮೆಟಕಾಮ್‌ನಿಗೂ ಆ ಇಂಗ್ಲಿಷರ ಮಕ್ಕಳಿಗೂ ಯುದ್ಧವಾಯಿತು. ಮರುವರ್ಷ ಕೊಲ್ಲಲ್ಪಟ್ಟ ಮೆಟಕಾಮ್‌ನ ತಲೆಯನ್ನು ಅದೇ ಪ್ಲಿಮತ್‌ನಲ್ಲಿ ಕಂಬಕ್ಕೇರಿಸಿ ವರ್ಷಗಟ್ಟಲೆ ಇಟ್ಟರು. ತಂದೆ ಜಿಂಕೆಯ ಮಾಂಸ ತಂದುಕೊಟ್ಟ ಊರು ಅದು. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ಇಡೀ ರಾಷ್ಟ್ರಕ್ಕೆ ಕೃತಜ್ಞತಾ ದಿನವನ್ನು ಘೋಷಿಸಿದರು. ನಾಲ್ಕನೆಯ ಗುರುವಾರವೆಂದು ಕಾನೂನಿನಲ್ಲಿ ನಿಗದಿಯಾದದ್ದು 1941ರಲ್ಲಿ. ಆದರೆ 1970ರಿಂದ ಪ್ರತಿವರ್ಷ ಅದೇ ದಿನ ಪ್ಲಿಮತ್‌ನ ಗುಡ್ಡವೊಂದರ ಮೇಲೆ ಮೂಲನಿವಾಸಿಗಳು ಸೇರಿ ಶೋಕದಿನವನ್ನು ಆಚರಿಸುತ್ತಿದ್ದಾರೆ. ಒಂದೇ ದಿನ, ಒಂದೇ ನೆಲ. ಒಬ್ಬರಿಗೆ ಹಬ್ಬ, ಮತ್ತೊಬ್ಬರಿಗೆ ಶ್ರಾದ್ಧ. ಇದನ್ನರಿತ ಮೇಲೂ ಪ್ರಾಮಾಣಿಕ ಮನಸ್ಸು ದೇವರಿಗೆ ‘ವಂದನೆ’ ಎನ್ನಬಲ್ಲದೇ? ಬಲ್ಲದಾದರೆ ಹೇಗೆ?

ಈಗ ನಮ್ಮ ತೆನೆ ಹಬ್ಬಕ್ಕೆ ಬರೋಣ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ಕೊಂಕಣಿ ಕ್ರೈಸ್ತರು ಇದನ್ನು ಮೊಂತಿ ಹಬ್ಬವೆನ್ನುತ್ತಾರೆ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಎಂಬ ಗುಡ್ಡದ ದೇವಾಲಯದಲ್ಲಿ, 1763ರಲ್ಲಿ ಗೋವೆಯ ಗುರುಗಳಾದ ಜೋಕಿಂ ಮಿರಾಂಡಾ ಇದನ್ನು ಆರಂಭಿಸಿದರೆಂಬುದು ಪ್ರತೀತಿ. ಲಿಂಕನ್ನರ ಘೋಷಣೆಗಿಂತ ಸರಿಯಾಗಿ ಒಂದು ನೂರು ವರ್ಷ ಹಿಂದೆ! ಒಂಬತ್ತು ದಿನ ಮಕ್ಕಳು ಬಾಲಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಹೊಸ ಅಕ್ಕಿಯನ್ನು ಪುಡಿ ಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥನೆಯ ಬಳಿಕ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಾಳೆಲೆಯ ಮೇಲೆ ಅಂದು ತರಕಾರಿಯ ಊಟ, ಅದೂ ಬೆಸಸಂಖ್ಯೆಯ ಪದಾರ್ಥಗಳು. ಬರಲಾರದ ಮಕ್ಕಳಿಗೆ ಮುಂಬಯಿಗೋ ಕೊಲ್ಲಿ ದೇಶಗಳಿಗೋ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ತಾಯಂದಿರಿದ್ದರು. ಅಂಥ ಲಕೋಟೆ ಬಿಚ್ಚಿದವರು ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ಆ ಸೊಸೆಯ ಗುರುವಾರದ ಮೌನ ಎಂಥದೆಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಗಮನಿಸಿ, ಈ ಹಬ್ಬವನ್ನು ಕಟ್ಟಿಕೊಂಡವರೂ ವಲಸಿಗರೇ. ಗೋವೆಯಿಂದ ಬರಗಾಲಕ್ಕೆ, ಯುದ್ಧಕ್ಕೆ, ಧರ್ಮವಿಚಾರಣೆಯ ಭಯಕ್ಕೆ ಊರು ಬಿಟ್ಟು ಬಂದವರ ಸಂತಾನ. ಬೇರೊಬ್ಬ ಅರಸರ ನಾಡಿನಲ್ಲಿ ಗದ್ದೆ ಮಾಡಿದವರು. 1784ರಲ್ಲಿ ಆ ನೆಲವನ್ನೂ ಕಳೆದುಕೊಂಡು ಶ್ರೀರಂಗಪಟ್ಟಣದ ಸೆರೆಗೆ ನಡೆದವರು. 1799ರ ಬಳಿಕ ಬದುಕುಳಿದವರು ಮರಳಿ ಬಂದು ಮತ್ತೆ ಉತ್ತವರು. ಹೀಗಿರುವಾಗ ‘ನಮ್ಮ’ ಹಬ್ಬವೂ ಅನ್ಯನೆಲದಲ್ಲಿ ಹುಟ್ಟಿದ ಕೃತಜ್ಞತೆಯೇ ಅಲ್ಲವೇ?

ಇನ್ನೊಂದು ವಿನೋದವಿದೆ. ಸೆಪ್ಟೆಂಬರ್ ಹೊತ್ತಿಗೆ ಬೆಂಗಳೂರಿನ ಸೀಮೆಯಲ್ಲಿ ರಾಗಿ ಇನ್ನೂ ಹಸಿರು. ಹಬ್ಬದ ಭತ್ತದ ತೆನೆ ಕರಾವಳಿಯಿಂದ ರಾತ್ರಿ ಬಸ್ಸಿನಲ್ಲಿ ಬರುವುದನ್ನು ನಾವೇ ಕಂಡಿದ್ದೇವೆ. ಈ ಮಣ್ಣಿನ ನಿಜವಾದ ಕೊಯ್ಲು ನವೆಂಬರ್, ಡಿಸೆಂಬರಿನದು. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದೂ ಈ ಕಾಲದಲ್ಲಿಯೇ. ಸುತ್ತಲಿನ ರೈತರು ಮೊದಲ ಬೆಳೆಯನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸಿದ ಬಳಿಕವೇ ಮಾರುವ ಆ ವಾಡಿಕೆಯಲ್ಲಿ, ಬೇರೆ ಧರ್ಮದವರಾದ ನಾವೂ ಗೌರವದಿಂದ ಗುರುತಿಸಬೇಕಾದ ಪ್ರಥಮ ಫಲದ ಅರ್ಪಣೆಯಿದೆ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದಿಂದ ಬಂದ ಬೆಳೆ; ಸಿಹಿಗುಂಬಳವೂ, ಮೆಣಸಿನಕಾಯಿಯೂ ಅಮೆರಿಕ ಖಂಡಗಳವೇ. ಅಂತೂ ಕಾಲದ ಲೆಕ್ಕದಲ್ಲಿ ಆ ಪರದೇಶಿ ಸೊಸೆಯ ಹಬ್ಬ ಸುಬ್ರಹ್ಮಣ್ಯಪುರದ ನೆಲಕ್ಕೆ ನಮ್ಮ ತೆನೆ ಹಬ್ಬಕ್ಕಿಂತ ಹತ್ತಿರ! ನನ್ನ ಪಕ್ಕದ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಇರಬಹುದು, ಆದರೆ ಪಾಯಸ ನಮ್ಮದೇ ರುಚಿ” ಎಂದರು. ಅದಕ್ಕೆ ನನ್ನ ತಕರಾರಿಲ್ಲ.

ಪವಿತ್ರ ಗ್ರಂಥದ ಧರ್ಮೋಪದೇಶಕಾಂಡವನ್ನು ತೆರೆದು 26ನೆಯ ಅಧ್ಯಾಯವನ್ನು ನಿಧಾನವಾಗಿ ಓದಿನೋಡಿ. ಇಸ್ರಯೇಲಿನ ರೈತ ಪ್ರಥಮ ಫಲದ ಬುಟ್ಟಿಯನ್ನು ಯಾಜಕನ ಮುಂದಿಟ್ಟು ಏನು ಹೇಳಬೇಕು? ತಾನು ಎಷ್ಟು ದುಡಿದೆನೆಂದಲ್ಲ. ತನ್ನ ಮೂಲಪುರುಷ ಮನೆಯಿಲ್ಲದೆ ಅಲೆದವನೆಂದು, ತನ್ನ ಜನ ಈಜಿಪ್ಟಿನಲ್ಲಿ ಪರದೇಶಿಗಳಾಗಿ ಗುಲಾಮಗಿರಿಯನ್ನು ಅನುಭವಿಸಿದರೆಂದು ಅವನು ಮೊದಲು ನುಡಿಯಬೇಕು. ಬಳಿಕ ಔತಣ. ಅದರಲ್ಲಿ ಲೇವಿಯನೊಡನೆ ಅವನ ನಡುವೆ ಬಾಳುವ ಪರಕೀಯನೂ ಸಂತೋಷಪಡಬೇಕೆಂದು ವಿಧಿಸಲಾಗಿದೆ. ಅಂದರೆ ಕೃತಜ್ಞತೆಯ ಊಟದಲ್ಲಿ ಹೊರಗಿನವನಿಗೆ ಒಂದು ಎಲೆ ಹಾಕುವುದು ಔದಾರ್ಯವಲ್ಲ. ಹಬ್ಬದ ಅಂಗವೇ ಅದು. ಲೂಕನ ಶುಭಸಂದೇಶದಲ್ಲಿ ಗುಣಹೊಂದಿದ ಹತ್ತು ಕುಷ್ಠರೋಗಿಗಳ ಪೈಕಿ ಪ್ರಭುವಿಗೆ ವಂದಿಸಲು ಮರಳಿ ಬಂದವನೊಬ್ಬನೇ. ಅವನೂ ಸಮಾರಿಯದವನು, ಪರಕೀಯ. ಮಿಕ್ಕ ಒಂಬತ್ತು ಮಂದಿ ಕೆಟ್ಟವರೆಂದು ನನಗನಿಸುವುದಿಲ್ಲ. ಅವರು ಊರಿನವರು, ಅಷ್ಟೆ. ಊರಿನವರಿಗೆ ಸಿಕ್ಕಿದ್ದು ಹಕ್ಕಿನಂತೆ ತೋರುತ್ತದೆ. ಹೊರಗಿನವನಿಗಾದರೋ ಅದು ದಾನವೆಂದು ತಟ್ಟನೆ ಹೊಳೆಯುತ್ತದೆ.

ಪ್ರತಿ ಭಾನುವಾರ ನಾವು ಅರ್ಪಿಸುವ ಬಲಿಪೂಜೆಗೆ ಗ್ರೀಕ್ ಭಾಷೆಯಲ್ಲಿ ‘ಯೂಖರಿಸ್ತಿಯಾ’ ಎಂಬ ಹೆಸರು. ಕೃತಜ್ಞತಾಸ್ತುತಿ ಎಂಬುದೇ ಅದರ ಅರ್ಥ. ಪ್ರಭು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಸಲ್ಲಿಸಿದ್ದು ಯಾವ ರಾತ್ರಿಯಲ್ಲಿ? ತಾವು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ. ಆದುದರಿಂದ ಕ್ರೈಸ್ತರ ಕೃತಜ್ಞತೆ ನೋವನ್ನು ಮೇಜಿನಿಂದ ಹೊರಗಟ್ಟಬೇಕಾಗಿಲ್ಲ, ಅಟ್ಟಲೂ ಕೂಡದು. ಪ್ಲಿಮತ್‌ನ ಗುಡ್ಡದ ಮೇಲಿನ ಶೋಕವನ್ನು ಮರೆತು ಮಾಡುವ ವಂದನೆ ಅರ್ಧ ಸುಳ್ಳು. ಹಾಗೆಂದು ಆ ಶೋಕದ ನೆಪದಲ್ಲಿ ವಂದನೆಯನ್ನೇ ಬಿಟ್ಟುಬಿಡುವುದೂ ನನಗೆ ಸರಿತೋರದು; ಪಡೆದವನು ಪಡೆದೆನೆಂದು ಒಪ್ಪಿಕೊಳ್ಳದಿದ್ದರೆ, ಕಳೆದುಕೊಂಡವನ ಮುಖ ಅವನ ಕಣ್ಣಿಗೆ ಬೀಳುವುದಾದರೂ ಎಂತು?

ಇದನ್ನು ಅಮೆರಿಕದವರಿಗೆ ಉಪದೇಶಿಸಿ ಸುಮ್ಮನಾಗುವಂತಿಲ್ಲ. ಅದು ನನಗೆ ತಿಳಿದದ್ದು ಆ ಶನಿವಾರದ ಮೇಜಿನಲ್ಲಿಯೇ. ಒಬ್ಬೊಬ್ಬರಾಗಿ ಹೇಳುತ್ತಾ ಬಂದೆವು. ಒಬ್ಬರು ಮಗಳ ಆರೋಗ್ಯಕ್ಕೆ, ಒಬ್ಬರು ಕೆಲಸಕ್ಕೆ, ಮನೆಯ ಯಜಮಾನರು ಸಾಲ ತೀರಿಸಿ ಕೈಸೇರಿದ ಸ್ವಂತ ಮನೆಗೆ ವಂದನೆ ಹೇಳಿದರು. ಸರದಿ ಹೂವಿನ ಅಜ್ಜಿಗೆ ಬಂತು. ಸೊಸೆ ತನ್ನ ಮುರುಕು ಕನ್ನಡದಲ್ಲಿ, “ಅಜ್ಜಿ, ನೀವು ಹೇಳಿ” ಎಂದಳು. ಅಜ್ಜಿಗೆ ಪ್ರಶ್ನೆ ಅರ್ಥವಾಗಲಿಲ್ಲವೋ, ಬಹಳ ಚೆನ್ನಾಗಿ ಅರ್ಥವಾಯಿತೋ ಕಾಣೆ. ಕಿಟಕಿಯತ್ತ ನೋಡಿ, “ಇಲ್ಲೇ ನಮ್ ಹೊಲ ಇತ್ತು ಕಣವ್ವ. ಈ ತಿಂಗಳಾಗೆ ರಾಗಿ ಕುಯ್ತಿದ್ವಿ” ಎಂದರು. ಕೋಪವಿರಲಿಲ್ಲ, ದೂರೂ ಇರಲಿಲ್ಲ. ಮನೆಯ ಯಜಮಾನರು ತಲೆ ತಗ್ಗಿಸಿದರು. ಕಾನೂನಿನ ಪ್ರಕಾರ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಹೊಲ ಮಾರಿದ್ದು, ನಿವೇಶನವಾದದ್ದು, ಮನೆ ಎದ್ದದ್ದು ಎಲ್ಲಕ್ಕೂ ಕಾಗದಪತ್ರಗಳಿದ್ದವು. ಆದರೂ ಆ ಮಾತಿನ ಬಳಿಕ ಬಡಿಸುವುದಕ್ಕೆ ಯಾರ ಕೈಯೂ ಮುಂದಾಗಲಿಲ್ಲ. ಕಡೆಗೆ ಮಾಂಯ್ ಎದ್ದು ಮೊದಲ ತುತ್ತನ್ನು ಅಜ್ಜಿಯ ತಟ್ಟೆಗೆ ಬಡಿಸಿದರು.

ಮರುವರ್ಷವೂ ನನಗೆ ಕರೆ ಬಂತು. ಮೇಜಿನ ನಡುವೆ, ಹೂಗುಚ್ಛ ಇಡುವ ಜಾಗದಲ್ಲಿ, ಕನಕಪುರ ರಸ್ತೆಯ ಆಚೆಯ ಹಳ್ಳಿಯೊಂದರಿಂದ ತರಿಸಿದ ಒಂದು ಹಿಡಿ ರಾಗಿ ತೆನೆಯನ್ನು ಸೊಸೆ ಇಟ್ಟಿದ್ದಳು. ಮೊದಲ ಸರದಿ ಅಜ್ಜಿಯದೆಂದು ಆಗಲೇ ತೀರ್ಮಾನವಾಗಿತ್ತು. ಅಜ್ಜಿ ಮಾತನಾಡಲಿಲ್ಲ. ಒಂದು ತೆನೆಯನ್ನು ಕಿತ್ತು, ಎರಡು ಅಂಗೈಗಳ ನಡುವೆ ತಿಕ್ಕಿ, ಹೊಟ್ಟನ್ನು ಊದಿ, ಉಳಿದ ಕಾಳನ್ನು ಬೆಳಕಿಗೆ ಹಿಡಿದು ನೋಡಿದರು. “ಇನ್ನೂ ಹಸಿ ಐತೆ” ಎಂದು ಸೊಸೆಯ ಕೈಗೆ ಹಾಕಿದರು, “ಎರಡು ದಿನ ಬಿಸ್ಲಾಗೆ ಹಾಕವ್ವ.”