ಕಂಬಗಳು ಅದಿರಿದಾಗ

ಶರೀರವನ್ನೇ ದೇವಾಲಯವೆಂದೂ ಕಾಲುಗಳನ್ನೇ ಅದರ ಕಂಬಗಳೆಂದೂ ಭಾವಿಸಿದ ಬಸವಣ್ಣನವರ ವಚನವನ್ನು ಅರಿಯದ ಲಿಂಗವಂತರ ಮನೆ ಇರಲಾರದು. ಆದರೆ ನಾವು ಅದನ್ನು ಹಾಡುವುದು ಬಹುಮಟ್ಟಿಗೆ ಕಾಲುಗಳು ಗಟ್ಟಿಯಾಗಿರುವಾಗ. ಕಂಬಗಳೇ ಅದಿರತೊಡಗಿದರೆ ಆ ಗುಡಿಯ ಗತಿಯೇನು? ಜಂಗಮತ್ವದ ಹಿರಿಮೆಯನ್ನು ಸಾರುವ ಮಾತು ಹಾಸಿಗೆಯಿಂದ ಏಳಲಾರದವನ ಕಿವಿಗೆ ಹೇಗೆ ಕೇಳಿಸೀತು? ಈ ಪ್ರಶ್ನೆಯನ್ನು ಶಾಸ್ತ್ರಚರ್ಚೆಯಾಗಿ ಎತ್ತುತ್ತಿಲ್ಲ. ಅದನ್ನು ದಿನದಿನವೂ ಎದುರಿಸುತ್ತಿರುವ ಗೃಹಸ್ಥರು ನಮ್ಮ ನಡುವೆ ಇದ್ದಾರೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯುಂಟು. ವಿದ್ಯುತ್ತಿನ ತಂತಿಗೆ ಹೊದಿಕೆಯಿರುವಂತೆ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳಿಗೂ ಮಯೆಲಿನ್ ಎಂಬ ಕವಚವಿರುತ್ತದೆ. ಹೊರಗಿನ ಶತ್ರುವಿನಿಂದ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಕವಚವನ್ನು ಕೆಡಿಸುವುದು ಈ ರೋಗದ ಸ್ವರೂಪ. ಆಗ ಕಣ್ಣು ಮಬ್ಬಾಗಬಹುದು, ಕಾಲು ಸೋಲಬಹುದು, ಕೈ ನಡುಗಬಹುದು. ಹೊರಗೆ ಯಾರಿಗೂ ಕಾಣದ ಆಯಾಸವೊಂದು ಮೈಯನ್ನೆಲ್ಲ ಹಿಡಿದು ಕೆಡವಬಹುದು. ಅನೇಕರಲ್ಲಿ ಇದು ಬಂದು, ತಗ್ಗಿ, ಮತ್ತೆ ಮರಳುತ್ತದೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನೊಳಗೆ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ, ಅಂದರೆ ಸಂಸಾರದ ಭಾರವನ್ನು ಹೊರುವ ಕಾಲದಲ್ಲಿಯೇ ಇದು ತಲೆದೋರುವುದು. ಪ್ಯಾರಿಸ್ಸಿನ ವೈದ್ಯ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ವ್ಯಾಧಿಯೆಂದು ಸ್ಪಷ್ಟವಾಗಿ ನಿರೂಪಿಸಿದನು.

ಅದಕ್ಕೆ ಬಹಳ ಮುಂಚೆಯೇ ರೋಗಿಯೊಬ್ಬನು ಇದನ್ನು ಬರೆದಿಟ್ಟಿದ್ದನು. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗನಾದ ಆಗಸ್ಟಸ್ ಡೆಸ್ಟೆ 1822ರಲ್ಲಿ ಬಂಧುವೊಬ್ಬನನ್ನು ಕಾಣಲು ಸ್ಕಾಟ್ಲೆಂಡಿಗೆ ಹೋದನು. ತಲಪುವುದರೊಳಗೆ ಆ ಬಂಧುವು ತೀರಿಕೊಂಡಿದ್ದನು. ಶವಸಂಸ್ಕಾರವಾದ ಸ್ವಲ್ಪದರಲ್ಲಿಯೇ ಡೆಸ್ಟೆಯ ದೃಷ್ಟಿ ಮಂದವಾಗಿ, ತನಗೆ ಬಂದ ಪತ್ರಗಳನ್ನು ಇತರರಿಂದ ಓದಿಸಿಕೊಳ್ಳಬೇಕಾಯಿತು. ಕಣ್ಣು ಮರಳಿತು, ರೋಗವೂ ಮರಳಿತು. ಐದು ವರ್ಷಗಳ ಬಳಿಕ ಫ್ಲಾರೆನ್ಸಿನಲ್ಲಿ ಒಂದು ವಸ್ತುವು ಎರಡಾಗಿ ಕಂಡಿತು, ಕಾಲುಗಳು ಕೈಬಿಟ್ಟವು. ಔಷಧವೆಂದು ಯಾರು ಏನು ಹೇಳಿದರೂ ಅದನ್ನು ಆತನು ಮಾಡಿ ನೋಡಿದನು. ತನ್ನ ಸಂಕಟಕ್ಕೆ ಹೆಸರೇನೆಂದು ತಿಳಿಯದೆಯೇ 1848ರಲ್ಲಿ ಕಣ್ಮುಚ್ಚಿದನು. ಸರಿಯಾಗಿ ನೂರು ವರ್ಷಗಳಾದ ಮೇಲೆ, 1948ರಲ್ಲಿ, ಆತನ ದಿನಚರಿಯು ಅಚ್ಚಾಗಿ ಹೊರಬಂದಿತು. ಅದನ್ನೋದಿದ ವೈದ್ಯರಿಗೆ ರೋಗದ ನಡೆಯೆಲ್ಲವೂ ಹೆಜ್ಜೆಹೆಜ್ಜೆಯಾಗಿ ಕಂಡಿತು. ತಾನು ಮಾಡಿದುದು ದಾಸೋಹವೆಂದು ಆತನು ಅರಿತಿರಲಿಲ್ಲ, ಅರಿಯುವ ಬಗೆಯೂ ಇರಲಿಲ್ಲ.

ಅನುಭವದಿಂದ ಹುಟ್ಟಿದ ಮಾತಿಗೆ ನಮ್ಮ ಶರಣರು ಕೊಟ್ಟ ಬೆಲೆಯನ್ನು ಇಲ್ಲಿ ನೆನೆಯಬೇಕು. ಅನುಭವಮಂಟಪವೆಂಬ ಹೆಸರಿನಲ್ಲಿಯೇ ಆ ಬೆಲೆಯಿದೆ. ತಾನು ಕಾಣದುದನ್ನು ಕಂಡೆನೆನ್ನದೆ, ಕಂಡುದನ್ನು ಮರೆಮಾಡದೆ ನುಡಿಯುವುದು ವಚನದ ಧರ್ಮ. ರೋಗಿಯ ನಿಜವಾದ ಮಾತಿನಲ್ಲಿ ಗೊಣಗಾಟವಿದ್ದರೂ ಅದು ಭಕ್ತಿಹೀನತೆಯಲ್ಲ. ಕೂಡಲಸಂಗನೊಡನೆ ಜಗಳವಾಡದ ಬಸವಣ್ಣನವರನ್ನು ನಾನಂತೂ ಅರಿಯೆ.

ಇನ್ನೊಬ್ಬನ ಕಥೆಯು ಗೃಹಸ್ಥರಿಗೆ ಇನ್ನೂ ಹತ್ತಿರದ್ದು. ಬ್ರೂಸ್ ಕಮ್ಮಿಂಗ್ಸ್ ಎಂಬ ತರುಣನು ಲಂಡನ್ನಿನ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದನು. ಬಾರ್ಬೆಲಿಯನ್ ಎಂಬುದು ಆತನ ಕಾವ್ಯನಾಮ. ಆತನಿಗೆ ಈ ವ್ಯಾಧಿಯಿರುವುದು ವೈದ್ಯರಿಗೆ ತಿಳಿದಿತ್ತು, ಮನೆಯವರಿಗೂ ತಿಳಿದಿತ್ತು, ತಿಳಿಯದಿದ್ದುದು ಆತನೊಬ್ಬನಿಗೆ. 1915ರ ನವೆಂಬರಿನಲ್ಲಿ, ಮಹಾಯುದ್ಧದ ಕಾಲ, ಸೈನ್ಯದ ದೇಹಪರೀಕ್ಷೆಗೆ ಹೋಗುವಾಗ ವೈದ್ಯನು ಮುಚ್ಚಿದ ಲಕೋಟೆಯೊಂದನ್ನು ಕೊಟ್ಟಿದ್ದನು. ಆತನು ಸೈನ್ಯಕ್ಕೆ ಬೇಡವೆನಿಸಿಕೊಂಡು ಮರಳುವಾಗ ರೈಲಿನಲ್ಲಿ ಕುಳಿತು ಆ ಲಕೋಟೆಯನ್ನು ಒಡೆದನು. ಒಳಗೆ ತನ್ನ ರೋಗದ ಹೆಸರಿತ್ತು.

ಆಗ ಆತನಿಗೆ ಮದುವೆಯಾಗಿ ಎರಡೇ ತಿಂಗಳಾಗಿತ್ತು. ಹೆಂಡತಿಯು ನೋಯಬಾರದೆಂದು ಆತನು ಈ ಸಂಗತಿಯನ್ನು ಎದೆಯೊಳಗೇ ಇಟ್ಟುಕೊಂಡನು. ಬಹುಕಾಲದ ಮೇಲೆ ಗೊತ್ತಾಯಿತು: ಮದುವೆಗೆ ಮುಂಚೆಯೇ ಆಕೆಗೆ ಎಲ್ಲವನ್ನೂ ತಿಳಿಸಲಾಗಿತ್ತು, ಎಲ್ಲವನ್ನೂ ತಿಳಿದೇ ಆಕೆ ಆತನ ಕೈಹಿಡಿದಿದ್ದಳು. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಹೊರೆಯನ್ನು ಒಬ್ಬರಿಗೊಬ್ಬರು ಕಾಣದಂತೆ ಹೊತ್ತಿದ್ದರು.

ಪ್ರೀತಿಯಿಂದ ಮರೆಮಾಚಿದುದು ಸುಳ್ಳಾಗುವುದೆ? ಸತ್ಯವೇ ದೇವಲೋಕವೆಂಬ ನಂಬುಗೆಯಲ್ಲಿ ಬೆಳೆದ ನಮಗೆ ಉತ್ತರವು ಸುಲಭವೆಂದು ತೋರಬಹುದು. ಸುಲಭವಲ್ಲ. ಆ ವೈದ್ಯನೂ ಮನೆಯವರೂ ದುಷ್ಟರಲ್ಲ. ಆಗ ಈ ರೋಗಕ್ಕೆ ಮದ್ದೇ ಇರಲಿಲ್ಲವಾದುದರಿಂದ, ಹೇಳಿ ಆಗುವ ಪ್ರಯೋಜನವೇನೆಂದು ಅವರು ಬಗೆದಿರಬೇಕು. ಆದರೂ ರೈಲಿನಲ್ಲಿ ಒಂಟಿಯಾಗಿ ಕುಳಿತು ಆ ಹಾಳೆಯನ್ನು ಓದಿದವನನ್ನು ನೆನೆದಾಗ, ಹೇಳುವವರ ಕೈಯೊಂದು ಹೆಗಲ ಮೇಲಿದ್ದಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ. ಇಂದು ಮೌನಕ್ಕೆ ಆ ನೆಪವೂ ಉಳಿದಿಲ್ಲ. ರೋಗದ ಮರುಕಳಿಕೆಯನ್ನು ತಗ್ಗಿಸುವ ಮೊದಲ ಔಷಧಕ್ಕೆ 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆಮೇಲೆ ಹಲವು ಬಂದಿವೆ. ಸಮೂಲವಾಗಿ ಗುಣಪಡಿಸುವ ಮದ್ದು ಇಲ್ಲವೆಂಬುದು ನಿಜ. ಆದರೆ ಬೇಗ ತಿಳಿದು ಬೇಗ ಚಿಕಿತ್ಸೆ ತೊಡಗಿದವರಿಗೆ ಲಾಭವುಂಟೆಂಬುದೂ ಅಷ್ಟೇ ನಿಜ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ವ್ಯಾಧಿಯನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಮುಚ್ಚಿಟ್ಟವರಿಗೆ ಆ ಹಕ್ಕು ದೊರೆಯುವುದೆಂತು?

ನಮ್ಮಲ್ಲಿ ಮುಚ್ಚಿಡುವುದಕ್ಕೆ ಬೇರೊಂದು ಕಾರಣವೂ ಸೇರಿಕೊಂಡಿದೆ. ಯಾವ ಜನ್ಮದ ಪಾಪವೋ ಎಂದು ನೆರೆಯವರು ಪಿಸುಗುಟ್ಟುತ್ತಾರೆ. ಹೆಣ್ಣುಮಗಳಾದರೆ ಪಿಸುಗುಟ್ಟುವ ಬಾಯಿಗಳು ಇನ್ನಷ್ಟು. ಗುರುಕರುಣೆಯಿಂದ ದೀಕ್ಷೆ ಪಡೆದು ಲಿಂಗವನ್ನು ಧರಿಸಿದವನಿಗೆ ಪೂರ್ವಾಶ್ರಯವು ಅಳಿಯಿತೆಂದು ನಂಬುವ ನಾವು, ಕಾಲು ಸೋತೊಡನೆ ಪೂರ್ವಕರ್ಮದ ಲೆಕ್ಕವನ್ನು ತೆಗೆಯುವುದು ದೀಕ್ಷೆಗೇ ಮಾಡುವ ಅವಮಾನ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಅಮೆರಿಕದ ಸೈನ್ಯದಲ್ಲಿದ್ದ ಒಂದು ಕೋಟಿಗೂ ಮಿಕ್ಕಿದ ಜನರ ದಾಖಲೆಗಳನ್ನು ಆಧರಿಸಿ, ಎಪ್‌ಸ್ಟೀನ್-ಬಾರ್ ಎಂಬ ವೈರಾಣುವಿನ ಸೋಂಕಿಗೂ ಈ ವ್ಯಾಧಿಗೂ ಬಲವಾದ ನಂಟನ್ನು ತೋರಿಸಿದೆ. ಆ ವೈರಾಣುವಾದರೋ ಬಹುತೇಕ ಮನುಷ್ಯರೆಲ್ಲರ ಮೈಯನ್ನೂ ಹೊಕ್ಕಿರುವಂಥದು. ಕೆಲವರಲ್ಲಿ ಮಾತ್ರವೇ ಈ ರೋಗವಾಗುತ್ತದೆ. ಪಾಪಿಗಳನ್ನು ಹುಡುಕಿಕೊಂಡು ಹೋಗುವ ಗುಣ ಅದಕ್ಕಿಲ್ಲ.

ಹಾಗಾದರೆ ಕಾಯಕ? ಕೈಯೇ ಏಳದವನು ಯಾವ ಕಾಯಕವನ್ನು ಮಾಡಬೇಕು? ಕಾಯಕವನ್ನು ಕೂಲಿಯ ಅಳತೆಯಿಂದ ನೋಡಿದರೆ ಈ ಪ್ರಶ್ನೆಗೆ ಉತ್ತರವಿಲ್ಲ. ತನ್ನಿಂದಾಗುವುದನ್ನು ವಂಚನೆಯಿಲ್ಲದೆ ಸಮಾಜಕ್ಕೆ ಸಲ್ಲಿಸುವುದೇ ಕಾಯಕವಾದರೆ, ಅಂಥವನು ತನ್ನ ನೋವಿನ ನಡೆಯನ್ನು ನಿಚ್ಚಳವಾಗಿ ಹೇಳುವುದೂ ಕಾಯಕವೇ, ಅದನ್ನು ಕೇಳುತ್ತ ಕುಳಿತಿರುವುದೂ ಕಾಯಕವೇ. ಈ ರೋಗವುಳ್ಳವರಿಗೆ ಬಿಸಿಲಿನಲ್ಲಿ ಬಾಧೆಯು ಹೆಚ್ಚುವುದುಂಟು. ಬೇಸಗೆಯ ಮಧ್ಯಾಹ್ನ ಲಿಂಗಪೂಜೆಗೆ ಕುಳಿತವಳ ಎಡಗೈ ನಡುಗಿದರೆ, ಮಗನೋ ಸೊಸೆಯೋ ತಮ್ಮ ಅಂಗೈಯನ್ನು ಅದರ ಕೆಳಗೆ ಇಡಬೇಕು. ಬೆಳಗಿನ ತಂಪಿನಲ್ಲಿಯೇ ಪೂಜೆಯಾಗುವಂತೆ ಮನೆಯ ಕೆಲಸದ ಹೊತ್ತನ್ನು ಬದಲಾಯಿಸುವುದು ಇನ್ನೂ ಒಳ್ಳೆಯದು.

ಕಮ್ಮಿಂಗ್ಸನು ಆಸ್ತಿಕನಾಗಿರಲಿಲ್ಲ, ಹೆಮ್ಮೆ, ಸಿಟ್ಟು, ಆಸೆ ಎಲ್ಲವೂ ಆತನ ಬರವಣಿಗೆಯಲ್ಲಿವೆ. 1917ರಲ್ಲಿ ಕೆಲಸವನ್ನು ಬಿಡಬೇಕಾಯಿತು, ದಿನಚರಿಯನ್ನು ಬಿಡಲಿಲ್ಲ. ಅದು 1919ರ ಮಾರ್ಚಿನಲ್ಲಿ ಎಚ್. ಜಿ. ವೆಲ್ಸರ ಮುನ್ನುಡಿಯೊಡನೆ ಪುಸ್ತಕವಾಗಿ ಹೊರಬಂದಾಗ, ಅದರ ಕೊನೆಯಲ್ಲಿ ಲೇಖಕನು 1917ರ ಡಿಸೆಂಬರ್ 31ರಂದು ತೀರಿಕೊಂಡನೆಂದು ಅಚ್ಚಾಗಿತ್ತು. ಆದರೆ ಆತನು 1919ರ ಅಕ್ಟೋಬರಿನವರೆಗೆ ಬದುಕಿದ್ದನು. ತನ್ನ ಮರಣವು ಅಚ್ಚಾಗಿದ್ದ ಪುಸ್ತಕವನ್ನು ಜನರು ಓದುತ್ತಿರುವುದನ್ನು ಹಾಸಿಗೆಯಿಂದಲೇ ಕಾಣುತ್ತ, ಇನ್ನೂ ಬರೆಯುತ್ತಿದ್ದನು.