ಹಿಟ್ಟೂ ಬೇಕು, ಗಿರಿಗಿಟ್ಲೆಯೂ ಬೇಕು

ಕೇರಿಯಲ್ಲಿ ಹಿಟ್ಟಿಗೆ ಗತಿಯಿಲ್ಲ, ನೀವು ರೋಲರ್ ಕೋಸ್ಟರ್ ಬಗ್ಗೆ ಬರೀತೀರಾ ಎಂದು ಸಂಗಾತಿಗಳು ಕೇಳಬಹುದು. ಕೇಳಲಿ. ಭೂಮಿ, ಕೂಲಿ, ಬಾವಿ, ಹಾಸ್ಟೆಲ್ಲು ಎಲ್ಲ ಆದಮೇಲೆ ನೋಡೋಣ ಎಂದು ನಗುವನ್ನು ಪಟ್ಟಿಯ ತುದಿಗೆ ತಳ್ಳುವವರಿದ್ದಾರೆ. ದುಡಿಯುವವನಿಗೆ ಖುಷಿಪಡುವ ಹಕ್ಕಿದೆಯೋ ಇಲ್ಲವೋ ಎಂಬುದು ಹೊಟ್ಟೆ ತುಂಬಿದವರ ಪ್ರಶ್ನೆ ಎನ್ನುತ್ತಾರೆ. ಹಾಗೆಂದು ನಮಗೆ ಹೇಳಿಕೊಟ್ಟವರು ಯಾರು? ಹೊಟ್ಟೆ ತುಂಬಿದವರೇ.

ಮೊದಲು ಯಂತ್ರವನ್ನು ನೋಡೋಣ. ನ್ಯೂಯಾರ್ಕಿನ ಕಡಲ ದಂಡೆಯಲ್ಲಿ ಕೋನಿ ಐಲೆಂಡ್ ಎಂಬ ಜಾಗವಿದೆ. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಅಲ್ಲಿ ಏರಿಳಿತದ ಹಳಿ ಕಟ್ಟಿ, ತಲೆಗೆ ಐದು ಸೆಂಟಿನಂತೆ ಜನರನ್ನು ಕೂರಿಸಿ ಉರುಳಿಸಿದ. ವೇಗ ಗಂಟೆಗೆ ಸುಮಾರು 6 ಮೈಲಿ. 1908ರಲ್ಲಿ ಅಲ್ಲಿನ ಲೂನಾ ಪಾರ್ಕಿಗೆ ಹೆನ್ರಿ ರೀಲ್ ಎಂಬಾತನ 'ವರ್ಜೀನಿಯಾ ರೀಲ್' ಬಂತು. ತಿರುಗುವ ರೋಲರ್ ಕೋಸ್ಟರುಗಳಿಗೆ ಹಿರಿಯಣ್ಣ ಅದು. ದುಂಡನೆಯ ತೊಟ್ಟಿ. ಅದರೊಳಗೆ ಸುತ್ತಲೂ ಮುಖಕ್ಕೆ ಮುಖ ಕೊಟ್ಟು ಕೂತ ಜನ. ಹಳಿ ಅಂಕುಡೊಂಕಾಗಿ ಇಳೀತಾ ಇದ್ದರೆ ತೊಟ್ಟಿ ತನ್ನಷ್ಟಕ್ಕೆ ತಾನೇ ಗಿರಗಿರ ತಿರುಗುತ್ತದೆ. ಸರಪಳಿ ಎತ್ತರಕ್ಕೆ ಎಳೆದು ಬಿಟ್ಟಮೇಲೆ ಇಂಜಿನ್ನಿನ ಕೆಲಸವಿಲ್ಲ, ಮಿಕ್ಕದ್ದೆಲ್ಲ ಭೂಮಿಯ ಸೆಳೆತ. ಇಂದಿನ ಉಕ್ಕಿನ ಬಂಡಿಗಳಲ್ಲೂ ಕೂರುವ ಭಾಗ ಕೆಳಗಿನ ಚೌಕಟ್ಟಿನ ಮೇಲೆ ಬೇರಿಂಗಿನಲ್ಲಿ ತಿರುಗುತ್ತದೆ. ಒಂದು ಪಕ್ಕಕ್ಕೆ ಭಾರ ಹೆಚ್ಚಿದ್ದರೆ ಸುತ್ತೂ ಹೆಚ್ಚು. ಯಾರ ಪಕ್ಕ ಯಾರು ಕೂತರು ಎಂಬುದರ ಮೇಲೆ ಎಲ್ಲರ ಸುತ್ತೂ ನಿಂತಿದೆ.

ಇಲ್ಲಿ ಮಾರುವ ಸರಕು ಹೆದರಿಕೆ. ಕೇರಿಯವರಿಗೆ ಅದು ಪುಕ್ಕಟೆ ಸಿಗುತ್ತದೆ, ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು ಎನ್ನುವಿರಿ. ಆದರೆ 1920ರಲ್ಲಿ ಸುರಂಗ ರೈಲು ಕೋನಿ ಐಲೆಂಡಿಗೆ ಮುಟ್ಟಿ, ಐದೇ ಸೆಂಟಿಗೆ ಅಲ್ಲಿಗೆ ಹೋಗಬಹುದಾದಾಗ ನುಗ್ಗಿದವರಲ್ಲಿ ವಾರವೆಲ್ಲ ಕಾರ್ಖಾನೆಯಲ್ಲಿ ಮೈ ಮುರಿದವರು ತುಂಬಿದ್ದರು. ಅವರೇನು ಹೆದರಿಕೆ ಕಾಣದವರೇ? ಮೇಸ್ತ್ರಿಯ ಹೆದರಿಕೆ, ಬಾಡಿಗೆಯ ಹೆದರಿಕೆ, ಕೆಲಸ ಹೋಗುವ ಹೆದರಿಕೆ ಎಲ್ಲವನ್ನೂ ಉಂಡವರು. ಆ ಹೆದರಿಕೆಗೆ ಬಾಯಿಬಿಡುವಂತಿಲ್ಲ. ತೊಟ್ಟಿಯ ಹೆದರಿಕೆಯಲ್ಲಿ ಗಂಟಲು ಹರಿಯುವಂತೆ ಕಿರುಚಬಹುದು, ಯಾರೂ ಗದರುವುದಿಲ್ಲ. ಎರಡು ನಿಮಿಷಕ್ಕೆ ಅದು ಮುಗಿಯುತ್ತದೆ, ನಗುತ್ತಾ ಇಳಿಯಬಹುದು. ಒಡೆಯನ ಮುಂದೆ ದನಿ ಎತ್ತದ ಮೈಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಆ ತೊಟ್ಟಿಗೆ ಎಲ್ಲರನ್ನೂ ಹತ್ತಿಸಿದರೇ? 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರು ತಗೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಆ ನೆಂಟಸ್ತನದ ಕಣ್ಣಿನಿಂದ ಪಾರ್ಕಿನ ಗೇಟು ನೋಡಿದರೆ ನಮ್ಮೂರ ಬಾವಿಕಟ್ಟೆ ಕಾಣುತ್ತದೆ. ತಿರುಗುವ ಬಂಡಿಯಲ್ಲಿ ಒಬ್ಬರ ಮೇಲೊಬ್ಬರು ಬೀಳಲೇಬೇಕು, ಭುಜಕ್ಕೆ ಭುಜ ತಾಗಲೇಬೇಕು. ಬಿಳಿಯರಿಗೆ ಕಷ್ಟವಾದದ್ದು ಇದೇ. ಹಾಗಾಗಿ ಅಮೆರಿಕದ ಎಷ್ಟೋ ಪಾರ್ಕುಗಳು ಕಪ್ಪು ಜನರನ್ನು ಹೊರಗಿಟ್ಟವು. ಒಳಗೆ ಬಿಟ್ಟುಕೊಂಡರೂ ಯಾವ ಕೆಲಸಕ್ಕೆ? 'ಆಫ್ರಿಕನ್ ಡಾಜರ್' ಎಂಬ ಜಾತ್ರೆಯಾಟವಿತ್ತು. ಪರದೆಯ ತೂತಿನಿಂದ ಕಪ್ಪು ಮನುಷ್ಯ ತಲೆ ಹೊರಗೆ ಚಾಚಬೇಕು, ಕಾಸು ಕೊಟ್ಟವರು ಆ ತಲೆಗೆ ಚೆಂಡು ಬೀಸಬೇಕು. ತಾಗಿದರೆ ಬಹುಮಾನ. ಚೆಂಡು ತಾಗಬಹುದು, ಭುಜ ತಾಗಬಾರದು!

ವಾಷಿಂಗ್ಟನ್ ನಗರದ ಪಕ್ಕದಲ್ಲಿ ಗ್ಲೆನ್ ಎಕೋ ಎಂಬ ಪಾರ್ಕಿತ್ತು. 1960ರ ಜೂನ್ 30ರಂದು ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಟಿಕೆಟ್ ಹಿಡಿದು ಅಲ್ಲಿನ ಸುತ್ತುವ ಮರಗುದುರೆಗಳ ಮೇಲೆ ಕೂತರು. ಕಾವಲುಗಾರ ಬಂದು ಅವರ ಮುಂದಾಳನ್ನು ನಿನ್ನದು ಯಾವ ಜನಾಂಗ ಎಂದು ಕೇಳಿದ. ನಮ್ಮ ಕಡೆ 'ಯಾವ ಜನ ನೀವು?' ಎಂದು ಕೇಳುವುದಿಲ್ಲವೇ, ಥೇಟು ಹಾಗೆ. ಮನುಷ್ಯ ಜನಾಂಗ ಎಂದ ಆ ಹುಡುಗ. ಐವರನ್ನು ಹಿಡಿದು ಒಯ್ದರು. ಮರುವರ್ಷ ಗೇಟು ಎಲ್ಲರಿಗೂ ತೆರೆಯಿತು. 1964ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ತಳ್ಳಿಹಾಕಿತು.

1963ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಪತ್ರ ಬರೆದರು. ಸ್ವಲ್ಪ ಕಾಯಿರಿ ಎಂದು ಬುದ್ಧಿ ಹೇಳಿದ ಬಿಳಿ ಪಾದ್ರಿಗಳಿಗೆ ಉತ್ತರ ಅದು. ಹಲ್ಲೆ, ಹತ್ಯೆ, ಬಡತನಗಳ ಲೆಕ್ಕದ ನಡುವೆಯೇ, ಟಿವಿಯಲ್ಲಿ ಕಂಡ ಪಾರ್ಕಿಗೆ ತಾನೇಕೆ ಹೋಗಬಾರದು ಎಂದು ಕೇಳುವ ಆರು ವರ್ಷದ ಮಗಳನ್ನೂ ಇಟ್ಟರು. ಉತ್ತರಿಸಲು ಅಪ್ಪನ ನಾಲಗೆ ತಡವರಿಸುತ್ತದೆ. ಕೂಸಿನ ಆಟದ ಪ್ರಶ್ನೆ ಅಲ್ಲಿ ಚಿಲ್ಲರೆ ವಿಷಯವಾಗಲಿಲ್ಲ. ಅದೇ ವರ್ಷ ಜುಲೈನಲ್ಲಿ ಬಾಲ್ಟಿಮೋರ್ ಬಳಿಯ ಗ್ವಿನ್ ಓಕ್ ಪಾರ್ಕಿನ ಮುಂದೆ ನೂರಾರು ಜನ ಬಂಧನಕ್ಕೊಳಗಾದರು. ಆಗಸ್ಟ್ 28ರಂದು, ವಾಷಿಂಗ್ಟನ್ನಿನಲ್ಲಿ ಕಿಂಗ್ ಭಾಷಣ ಮಾಡಿದ ದಿನವೇ, ಆ ಪಾರ್ಕು ತೆರೆಯಿತು. ವರ್ಷ ತುಂಬದ ಕಪ್ಪು ಹೆಣ್ಣುಕೂಸೊಂದು ಅಪ್ಪನ ಆಸರೆಯಲ್ಲಿ ಮರಗುದುರೆ ಹತ್ತಿತು.

ನಮಗೆ ಈ ಪಾಠ ಹೊಸದಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌಡಾರ್ ಕೆರೆಗೆ ಹೊರಟಾಗ, ಆ ನೀರು ಕುಡಿಯದೆ ನಾವೇನೂ ಸತ್ತಿಲ್ಲ, ನಾವೂ ಮನುಷ್ಯರೆಂದು ಸ್ಥಾಪಿಸಲು ಹೋಗುತ್ತಿದ್ದೇವೆ ಎಂಬರ್ಥದ ಮಾತು ಹೇಳಿದರು. ಬರೀ ಬಾಯಾರಿಕೆಯ ಲೆಕ್ಕವಾಗಿದ್ದರೆ ಬೇರೆ ಬಾವಿ ತೋಡಿಕೊಡಬಹುದಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ತೆಗೆದು ಓದಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜತೆಗೇ ಸಾರ್ವಜನಿಕ ಮನರಂಜನೆಯ ಸ್ಥಳಗಳ ಹೆಸರೂ ಅಲ್ಲಿದೆ. ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ. ನೀರಿನ ಹಕ್ಕೂ ನಗುವಿನ ಹಕ್ಕೂ ನಮ್ಮಲ್ಲಿ ಒಂದೇ ವಿಧಿಯಲ್ಲಿ ಕೂತಿವೆ. ಒಂದಾದ ಮೇಲೆ ಒಂದು ಎಂದು ಅಲ್ಲಿ ಬರೆದಿಲ್ಲ.

ಹಾಗಾದರೆ ಸುತ್ತುವುದೆಲ್ಲ ಖುಷಿಯೇ? ಅಲ್ಲ. ನಮ್ಮ ಜಾತ್ರೆಗಳಲ್ಲಿ ಸಿಡಿ ಇತ್ತು. ಬೆನ್ನಿಗೆ ಕೊಕ್ಕೆ ಸಿಕ್ಕಿಸಿ, ಗಳಕ್ಕೆ ನೇತುಹಾಕಿ, ಮನುಷ್ಯನನ್ನು ಆಕಾಶದಲ್ಲಿ ಸುತ್ತಿಸುತ್ತಿದ್ದರು. ಎಷ್ಟೋ ಊರುಗಳಲ್ಲಿ ಕೊಕ್ಕೆಗೆ ಒಡ್ಡಬೇಕಾದ ಬೆನ್ನು ಹೊಲೆಮಾದಿಗರದು, ಕೆಳಗೆ ನಿಂತು ಕೈಮುಗಿಯುವ ಪುಣ್ಯ ಊರಿನದು. ಗಳವೂ ತಿರುಗುತ್ತದೆ, ತೊಟ್ಟಿಯೂ ತಿರುಗುತ್ತದೆ, ತಲೆ ಎರಡರಲ್ಲೂ ಸುತ್ತುತ್ತದೆ. ಆದರೆ ಒಂದನ್ನು ತಾನಾಗಿ ಹತ್ತಿ, ಬೇಡವಾದರೆ ಬಿಟ್ಟು ಹೋಗಬಹುದು. ಇನ್ನೊಂದಕ್ಕೆ ಹುಟ್ಟಿದ ಜಾತಿಯೇ ಟಿಕೇಟು, ಒಲ್ಲೆ ಎಂದರೆ ಊರು ಬಿಡುವುದಿಲ್ಲ. ಒಲ್ಲೆ ಎನ್ನುವ ಬಾಯಿ ಇದ್ದರೆ ಮಾತ್ರ ಅದು ಆಟ. ಮತ್ತೊಂದು ಮಾತು: ಸಿಡಿಯಲ್ಲಿ ಒಬ್ಬನೇ ಸುತ್ತುತ್ತಾನೆ, ಮಿಕ್ಕವರು ನೋಡುತ್ತಾರೆ. ತೊಟ್ಟಿಯಲ್ಲಿ ಕೂತವರೆಲ್ಲರ ತಲೆಯೂ ಒಟ್ಟಿಗೇ ಸುತ್ತುತ್ತದೆ.

ಇಂದು ಪಾರ್ಕಿನ ಗೇಟಿನಲ್ಲಿ ಜಾತಿ ಕೇಳುವುದಿಲ್ಲ, ದುಡ್ಡು ಕೇಳುತ್ತಾರೆ. ದುಡ್ಡು ಯಾವ ಕೇರಿಗೆ ಬಂತು, ಯಾವ ಕೇರಿಗೆ ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮಗೊಂದು ಮಾತು. ಶಾಲೆಯ ಪ್ರವಾಸ ಹೊರಡುವಾಗ ಹೆಸರು ಕೊಟ್ಟ ಮಕ್ಕಳ ಪಟ್ಟಿ ಮಾಡುತ್ತೀರಿ. ಹೆಸರು ಕೊಡದವರ ಪಟ್ಟಿಯನ್ನೂ ಮಾಡಿ. ಅವರು ಯಾವ ಬೀದಿಯವರು ಎಂದು ನೋಡಿ. 'ನಂಗೆ ಇಷ್ಟ ಇಲ್ಲ ಸಾ' ಎಂದು ಆ ಹುಡುಗ ಹೇಳಿದರೆ ನಂಬಬೇಡಿ. ಅಪ್ಪನ ಜೇಬಿನ ಮರ್ಯಾದೆ ಕಾಯಲು ಹೇಳಿದ ಸುಳ್ಳು ಅದು. ಪ್ರವಾಸದ ಖರ್ಚನ್ನು ಪಂಚಾಯಿತಿಯಲ್ಲಿ ಕೇಳಿ, ಎಸ್‌ಡಿಎಂಸಿ ಸಭೆಯಲ್ಲಿ ಜಗಳ ಮಾಡಿ, ಸಂಘದ ಹುಡುಗರನ್ನು ಕರೆಯಿರಿ, ಬರುತ್ತೇವೆ. ಬಸ್ಸಿನಲ್ಲಿ ಸೀಟು ಹಂಚುವಾಗ ಕೇರಿಯ ಮಕ್ಕಳನ್ನೆಲ್ಲ ಹಿಂದಿನ ಸೀಟಿಗೆ ಗುಡ್ಡೆ ಹಾಕಬೇಡಿ. ಬಂಡಿ ಹತ್ತುವಾಗ ಊರಿನ ಮಗುವಿನ ಪಕ್ಕ ಕೇರಿಯ ಮಗುವನ್ನು ಕೂರಿಸಿ. ಮಿಕ್ಕದ್ದನ್ನು ತಿರುವು ನೋಡಿಕೊಳ್ಳುತ್ತದೆ.